ಅಣ್ಣನ್ನ ತೆಗೀಬೇಕು ಸಾರ್

"ಮೊದಲು ಪಿಚರ್‌ನ ಬದಲಾಯಿಸ್ಬೇಕು ಸಾರ್."

ಭಾಗ್ಯಶ್ರೀ ಹೀಗೆ ಹೇಳಿದ್ದೇ ತಡ, ಗುಂಪು ಗಪ್‌ಚಿಪ್ ಆಯಿತು. ನೀರು ಕುಡಿಯುತ್ತಿದ್ದ ಒಬ್ಬ ಹುಡುಗನ ಬಾಟಲಿ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಮೈದಾನದ ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಮಿಷನ್ ಧಡ್ ಧಡ್ ಎನ್ನುವುದು ಈಗ ಜೋರಾಗಿ ಕೇಳಿಸಿತು.

ಬೇಸ್‌ಬಾಲ್‌ನಲ್ಲಿ ಪಿಚರ್ ಅಂದರೆ ಚೆಂಡು ಎಸೆಯುವವನು. ರಾಜಗೋಪಾಲನಗರದ ಈ ಸ್ಕೂಲಿನ ಟೀಮಿಗೆ ಪಿಚರ್ ಒಂಬತ್ತನೇ ಕ್ಲಾಸಿನ ಸಿದ್ರಾಮ. ಕ್ಯಾಪ್ಟನ್ನೂ ಅವನೇ. ಭಾಗ್ಯಶ್ರೀಯ ಸ್ವಂತ ಅಣ್ಣನೂ ಅವನೇ.

ಗುರುರಾಜ್ ಸಾರ್ ಹುಬ್ಬೇರಿಸಿದರು. ಆಟದ ಮೇಷ್ಟ್ರು ಅವರು. ಈಗಷ್ಟೇ ಇನ್ನೊಂದು ಮ್ಯಾಚ್ ಸೋತು ಎಲ್ಲರೂ ನೆಲದ ಮೇಲೆ ಕುಳಿತಿದ್ದರು. "ಯಾಕ್ರೋ ಹಿಂಗೆ ಸೋಲ್ತಿದೀವಿ? ಯಾರಿಗಾದ್ರೂ ಗೊತ್ತಾ?" ಅಂತ ಸಾರ್ ಕೇಳಿದ್ದರು. ಆಡುವವರು ಯಾರೂ ಬಾಯಿ ಬಿಡಲಿಲ್ಲ. ಆಡದವಳು ಕೈ ಎತ್ತಿದಳು.

ಭಾಗ್ಯಶ್ರೀ ಆರನೇ ಕ್ಲಾಸು. ಟೀಮಿಗೆ ಎಂಟನೇ ಕ್ಲಾಸಿನಿಂದ ಮೇಲಿನವರು ಮಾತ್ರ. ಆದರೂ ಅವಳು ಒಂದೇ ಒಂದು ಪ್ರಾಕ್ಟೀಸ್ ತಪ್ಪಿಸಿದವಳಲ್ಲ. ಸಾಯಂಕಾಲ ಅಪ್ಪ ಫ್ಯಾಕ್ಟರಿಯಿಂದ ಬಂದರೆ ಸಾಕು, ಅವನ ಫೋನ್ ಕಿತ್ತುಕೊಂಡು ಅಮೆರಿಕದ ಮ್ಯಾಚು ನೋಡುತ್ತಾ ಕೂರುತ್ತಿದ್ದಳು. ನಿದ್ದೆಗಣ್ಣಿನಲ್ಲಿ ಒಮ್ಮೆ "ಸ್ಟ್ರೈಕ್!" ಎಂದು ಅಂಪೈರ್ ಥರ ಕಿರುಚಿ ಪಕ್ಕದ ಮನೆಯವರನ್ನೂ ಎಬ್ಬಿಸಿದ್ದಳು.

"ಕಾರಣ ಹೇಳಮ್ಮ," ಎಂದರು ಸಾರ್.

"ನಮ್ಮಣ್ಣ ಜೋರಾಗಿ ಎಸೀತಾನೆ ಸಾರ್. ಆದ್ರೆ ಯಾರಾದ್ರೂ ಒಂದು ಬಾಲ್ ಹೊಡೆದ್ರೆ ಸಿಟ್ಟು ಬರತ್ತೆ. ಆಮೇಲೆ ಎಲ್ಲಾ ಬಾಲೂ ಒಂದೇ ಥರ ಎಸೀತಾನೆ. ಎದುರು ಟೀಮಿಗೆ ಗೊತ್ತಾಗೋಗತ್ತೆ. ಮುತ್ತು ಎಸೀಲಿ. ಅವನದು ಎಡಗೈ, ಹೊಡೆಯೋಕೆ ಕಷ್ಟ."

"ನಾನಾ?" ಎಂದ ಮುತ್ತು. ಎಂಟನೇ ಕ್ಲಾಸಿನ ಗಿಡ್ಡ ಹುಡುಗ ಅವನು. ಧ್ವನಿಯೂ ಅವನಷ್ಟೇ ಗಿಡ್ಡವಾಗಿ ಹೊರಬಿತ್ತು.

"ಸಿದ್ರಾಮ ಏನ್ ಮಾಡ್ಬೇಕು?"

"ಕ್ಯಾಚರ್ ಆಗ್ಲಿ ಸಾರ್."

ಕ್ಯಾಚರ್ ಅಂದರೆ ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಮುಖಕ್ಕೆ ಕಂಬಿಯ ಮಾಸ್ಕ್ ಹಾಕಿಕೊಂಡು, ಪಿಚರ್ ಎಸೆದ ಚೆಂಡನ್ನು ಹಿಡಿಯುವವನು. ಈಗ ಆ ಕೆಲಸ ಸಿದ್ದಾರ್ಥನದು.

"ಸಿದ್ದಾರ್ಥ್ ಕಣ್ಣು ಮುಚ್ಕೊಂಡು ಹಿಡೀತಾನೆ ಸಾರ್. ಅದಕ್ಕೇ ಅರ್ಧ ಬಾಲ್ ಬಿಡ್ತಾನೆ. ಅವನು ಚೆನ್ನಾಗಿ ಓಡ್ತಾನಲ್ಲ, ದೂರ ನಿಲ್ಲಿಸಿ. ಅಷ್ಟೇ ಸಾರ್, ಟೀಮ್ ಸರಿಹೋಗತ್ತೆ."

ಸಾರ್ ಗಡ್ಡ ಕೆರೆದುಕೊಂಡರು. ಶನಿವಾರ ಇನ್ನೊಂದು ಮ್ಯಾಚ್ ಇತ್ತು. ಅದನ್ನೂ ಸೋತರೆ ಬ್ಯಾಟು ಗ್ಲೌಸು ಎಲ್ಲ ಸ್ಟೋರ್ ರೂಮಿಗೆ, ಆಟದ ಹೊತ್ತಿನಲ್ಲಿ ಸ್ಪೆಷಲ್ ಕ್ಲಾಸು ಎಂದು ಹೆಡ್ಮಿಸ್ ಮಹಾದೇವಿ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಈ ಹುಡುಗಿ ಹೇಳಿದಂಗೇ ಮಾಡಿ ನೋಡೋಣ," ಎಂದರು ಸಾರ್.

ಸಿದ್ರಾಮ ಎದ್ದು ನಿಂತ. ಕೈಯಲ್ಲಿದ್ದ ಚೆಂಡನ್ನು ಸಾರ್ ಕೈಗೆ ಇಟ್ಟ. ತಂಗಿಯ ಕಡೆ ತಿರುಗಿಯೂ ನೋಡದೆ ಗೇಟಿನ ಕಡೆ ನಡೆದುಬಿಟ್ಟ.

ಅವರದು ಒಂದೇ ಕೋಣೆಯ ಬಾಡಿಗೆ ಮನೆ. ಅಲ್ಲಿ ಮಾತು ಬಿಟ್ಟು ಕೂರುವುದು ಸುಲಭವಲ್ಲ. ತಟ್ಟೆ ಬೇಕಾದರೆ ಅವಳನ್ನು ದಾಟಿ ಹೋಗಬೇಕು, ನೀರು ಬೇಕಾದರೆ ಇವನನ್ನು ದಾಟಿ ಹೋಗಬೇಕು. ಆದರೂ ಅವ್ವ ಕೆಲಸದಿಂದ ಬರುವವರೆಗೂ ಸಿದ್ರಾಮ ತುಟಿ ಬಿಚ್ಚಲಿಲ್ಲ.

ಗಾರ್ಮೆಂಟ್ಸ್‌ನಿಂದ ಬಂದ ಅವ್ವ ಹನುಮವ್ವ ರೊಟ್ಟಿ ಬಡಿಯುತ್ತಾ ಇಬ್ಬರನ್ನೂ ನೋಡಿದಳು. "ಯಾಕ, ಇಬ್ರೂ ಮಾರಿ ಊದಿಸ್ಕೊಂಡು ಕುಂತೀರಿ? ಏನಾತು?"

"ಪಿಚರ್ ವಿಷಯ ಬೇ," ಎಂದಳು ಭಾಗ್ಯಶ್ರೀ.

"ಯಾವ ಪಿಚ್ಚರ್? ಪರೀಕ್ಷಾ ಹತ್ರ ಬಂತು, ನಿಮಗ ಸಿನಿಮಾ ಚಿಂತಿ ಏನು?"

ಬೇರೆ ದಿನವಾಗಿದ್ದರೆ ಅಣ್ಣ ತಂಗಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಭಾಗ್ಯಶ್ರೀಯ ತುಟಿ ಅರ್ಧಕ್ಕೆ ಅರಳಿ ಅಲ್ಲಿಗೇ ಮುದುಡಿತು.

"ಅಕೀನ ಕೇಳಬ್ಯಾಡ ಬೇ," ಎಂದ ಸಿದ್ರಾಮ. "ಅಕಿ ಇನ್ಮ್ಯಾಲ ನನ್ನ ತಂಗಿ ಅಲ್ಲ. ನನ್ನ ಸಾರ್."

"ನಾ ಏನ್ ಸುಳ್ಳ ಹೇಳಿದ್ನೇನು?" ಭಾಗ್ಯಶ್ರೀಗೂ ರೇಗಿತು. "ಟೀಮ್ ಗೆಲ್ಲಲಿ ಅಂತ ಹೇಳಿದೆ!"

"ದಿನಾ ನನ್ನ ಬಾಜೂಕನ ಮಲ್ಕೊಂತಿ. ನನಗೊಬ್ಬಗ ಹೇಳಾಕ ಬಾಯಿ ಇರ್ಲಿಲ್ಲೇನು ನಿನಗ?"

ಭಾಗ್ಯಶ್ರೀ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮಾಡುತ್ತಾ ಕೂತಳು. ತಾನು ಹೇಳಿದ್ದು ಸರಿ ಎಂಬುದು ಅವಳಿಗೆ ಗೊತ್ತು. ಸರಿಯಾದ ಮಾತು ಹೇಳಿದರೆ ಖುಷಿಯಾಗಬೇಕಲ್ಲ?

ಮರುದಿನ ಸಿದ್ರಾಮ ಪ್ರಾಕ್ಟೀಸಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮುತ್ತು ಮಾತ್ರ ಎಲ್ಲರೂ ಬೆರಗಾಗುವ ಹಾಗೆ ಎಸೆಯುತ್ತಿದ್ದ. ಅವನ ಚೆಂಡು ಬ್ಯಾಟಿನ ಹತ್ತಿರ ಬಂದು ಸುಮ್ಮನೆ ಪಕ್ಕಕ್ಕೆ ಜಾರಿಬಿಡುತ್ತಿತ್ತು. ಆದರೆ ಅದನ್ನು ಹಿಡಿಯುವವರು ಯಾರು? ಸಿದ್ದಾರ್ಥ ದೂರ ಹೋಗಿ ನಿಂತಾಗಿತ್ತು. ಇರಣ್ಣ ಎಂಬ ಹುಡುಗ ಮಾಸ್ಕ್ ಹಾಕಿಕೊಂಡು ಕೂತ. ಎರಡನೇ ಚೆಂಡೇ ಅವನ ಮಂಡಿಗೆ ಬಡಿಯಿತು.

"ಹೋಗ್ರೋ, ನನ್ ಕೈಲಾಗಲ್ಲ!" ಇರಣ್ಣ ಮಾಸ್ಕ್ ಕಿತ್ತು ನೆಲಕ್ಕಿಟ್ಟ. ಕುಂಟುತ್ತಾ ಹೋಗಿ ಕಟ್ಟೆಯ ಮೇಲೆ ಕೂತ.

ಸಾರ್ ಆಗ ಅಲ್ಲಿರಲಿಲ್ಲ. ಹೆಡ್ಮಿಸ್ ಕರೆದಿದ್ದಾರೆಂದು ಆಫೀಸಿಗೆ ಹೋಗಿದ್ದರು. ಹುಡುಗರೆಲ್ಲ ನಿಧಾನವಾಗಿ ಭಾಗ್ಯಶ್ರೀಯ ಕಡೆ ತಿರುಗಿದರು.

"ಎಲ್ಲಾ ನೀನೇ ತಾನೆ ಮಾಡಿದ್ದು?" ಎಂದ ಸಿದ್ದಾರ್ಥ. "ಕ್ಯಾಪ್ಟನ್ನೂ ಹೋದ, ಕ್ಯಾಚರೂ ಇಲ್ಲ. ನಾನು ಕಣ್ಣು ಮುಚ್ಕೋತೀನಿ ಅಂದ್ಯಲ್ಲ, ನೀನೇ ಹಿಡಿ ನೋಡೋಣ!"

"ಬೇಡ ಕಣೋ, ಚಿಕ್ಕೋಳು," ಎಂದ ಮುತ್ತು.

ಆ ಚಿಕ್ಕೋಳು ಎಂಬ ಮಾತು ಭಾಗ್ಯಶ್ರೀಯನ್ನು ಚುಚ್ಚಿತು. "ಹಿಡೀತೀನಿ!" ಎಂದಳು.

ಮಾಸ್ಕಿನೊಳಗೆ ಬೆವರು ವಾಸನೆ. ಎದೆಗೆ ಕಟ್ಟುವ ಪ್ಯಾಡು ಅವಳ ಮಂಡಿಯವರೆಗೂ ಇಳಿಬಿದ್ದಿತ್ತು. ಕುಕ್ಕರುಗಾಲಲ್ಲಿ ಕೂತು ದೊಡ್ಡ ಗ್ಲೌಸನ್ನು ಮುಂದೆ ಚಾಚಿದಳು. ಫೋನಿನಲ್ಲಿ ಎಷ್ಟೋ ಸಲ ನೋಡಿದ್ದಳಲ್ಲ, ಹೀಗೇ ಕೂರುತ್ತಾರೆ. ಆದರೆ ಇಲ್ಲಿ ಕೂತು ನೋಡಿದರೆ ಮುತ್ತು ಗಿಡ್ಡ ಹುಡುಗನಾಗಿ ಕಾಣಲಿಲ್ಲ.

ಅವನು ಕೈ ಬೀಸಿದ.

ಚೆಂಡು ಎಲ್ಲಿ ಬಂತೋ ಎಲ್ಲಿ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಹಿಂದಿನ ಕಾಂಪೌಂಡಿಗೆ ಢಬ್ ಎಂದು ಬಡಿದ ಸದ್ದು ಮಾತ್ರ ಕೇಳಿಸಿತು. ಕಣ್ಣು ಬಿಟ್ಟ ಮೇಲೆಯೇ ಅವಳಿಗೆ ಗೊತ್ತಾಗಿದ್ದು, ತಾನು ಕಣ್ಣು ಮುಚ್ಚಿದ್ದೆ ಅಂತ.

ಸಿದ್ದಾರ್ಥ ಹೋಗಿ ಚೆಂಡು ಹೆಕ್ಕಿ ತಂದು ಮುತ್ತುವಿಗೆ ಕೊಟ್ಟ. ಅವನು ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಇನ್ನೊಂದು ಎಸಿ," ಎಂದಳು. ಈ ಸಲ ರೆಪ್ಪೆ ಬಡಿಯಲಿಲ್ಲ. ಚೆಂಡು ಗ್ಲೌಸಿನೊಳಗೆ ನೇರ ಬಂದು ಬಡಿಯಿತು. ಅಂಗೈಯಿಂದ ಮೊಣಕೈವರೆಗೂ ಝುಂ ಎಂದಿತು. ಚೆಂಡು ಜಾರಿ ಕೆಳಗೆ ಬಿತ್ತು. ಅದರ ನಂತರದ ಚೆಂಡು ಎದೆಯ ಪ್ಯಾಡಿಗೆ ಗುದ್ದಿತು. ಭಾಗ್ಯಶ್ರೀ ಹಿಂದಕ್ಕೆ ಬಿದ್ದಳು.

ಮಾಸ್ಕಿನ ಕಂಬಿಯ ಆಚೆ ಆಕಾಶ ಕಂಡಿತು. ಫ್ಯಾಕ್ಟರಿಯ ಹೊಗೆ ಕಂಡಿತು. ಆಮೇಲೆ ಅಣ್ಣನ ಮುಖ ಕಂಡಿತು.

"ಏಳು," ಎಂದ ಸಿದ್ರಾಮ.

ಅವನು ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ನಿಂತು ದಿನವೂ ನೋಡುತ್ತಿದ್ದನಂತೆ. ಹಾಗೆಂದು ಇರಣ್ಣ ಆಮೇಲೆ ಹೇಳಿದ.

ಸಿದ್ರಾಮ ಅವಳ ಮಾಸ್ಕ್ ಬಿಚ್ಚಿದ. ಕೆಂಪಗಾಗಿದ್ದ ಅಂಗೈ ಹಿಡಿದು, ಬೆರಳು ಒಂದೊಂದನ್ನೂ ಮಡಚಿ ನೋಡಿದ. "ಏನೂ ಆಗಿಲ್ಲ. ನಳದ ಕೆಳಗ ಹಿಡಿ, ಹೋಗು," ಎಂದ.

ಆಮೇಲೆ ಪ್ಯಾಡು ಕಟ್ಟಿಕೊಂಡು ತಾನೇ ಕೂತ. "ನೀ ಹೇಳ್ದಿ ಅಂತ ಕುಂತಿಲ್ಲ ನಾನು," ಎಂದ, ಅವಳ ಕಡೆ ನೋಡದೆಯೇ. "ಇಲ್ಲಿ ಕುಂದ್ರವ್ರು ಯಾರೂ ಇಲ್ಲ, ಅದಕ್ಕ ಕುಂತೀನಿ. ಎಸಿಯೋ ಮುತ್ತು!"

ಮುತ್ತು ಎಸೆದ. ಚೆಂಡು ಗ್ಲೌಸಿನಲ್ಲಿ ಟಪ್ ಎಂದು ಕೂತಿತು.

ಶನಿವಾರ ಬಂತು. ಜಾಲಹಳ್ಳಿ ಕಡೆಯ ಸ್ಕೂಲಿನ ಟೀಮು ಹೊಳೆಯುವ ಹೊಸ ಬಟ್ಟೆ ಹಾಕಿಕೊಂಡು ವ್ಯಾನಿನಲ್ಲಿ ಬಂದಿಳಿಯಿತು. ಮಹಾದೇವಿ ಮೇಡಂ ಕೊಡೆ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತರು. ಅರ್ಧ ಷಿಫ್ಟ್ ಮುಗಿಸಿ ಹೊರಟಿದ್ದ ಕೆಲಸಗಾರರೂ ಕಾಂಪೌಂಡಿನ ಆಚೆ ಸಾಲಾಗಿ ನಿಂತರು.

ಆಟ ಹಗ್ಗ ಜಗ್ಗಿದಂತೆ ಆ ಕಡೆ ಈ ಕಡೆ ಎಳೆದಾಡಿತು. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ರಾಜಗೋಪಾಲನಗರ ಒಂದು ರನ್ ಮುಂದಿತ್ತು. ಇನ್ನೊಬ್ಬನನ್ನು ಔಟ್ ಮಾಡಿದರೆ ಗೆಲುವು. ಆದರೆ ಎದುರಿನ ಹುಡುಗನೊಬ್ಬ ಮೂರನೇ ಬೇಸಿನಲ್ಲಿ, ಅಂದರೆ ಓಟದ ಕೊನೆಯ ನಿಲ್ದಾಣದಲ್ಲಿ, ಓಡಲು ತುದಿಗಾಲಲ್ಲಿ ನಿಂತಿದ್ದ. ಅವನು ಸಿದ್ರಾಮ ಕೂತ ಜಾಗವಾದ 'ಮನೆ' ಮುಟ್ಟಿದರೆ ಸಮ; ಅದಕ್ಕೂ ಮುಂಚೆ ಸಿದ್ರಾಮ ಚೆಂಡು ಹಿಡಿದು ಅವನಿಗೆ ತಾಗಿಸಿದರೆ ಔಟ್.

ಆಗ ಮುತ್ತುವಿನ ಕೈ ಹಿಡಿತ ತಪ್ಪಿತು. ಒಂದು ಚೆಂಡು ನೆಲಕ್ಕೆ ಬಡಿಯಿತು. ಸಿದ್ರಾಮ ಮೈಯಿಂದಲೇ ಅದನ್ನು ತಡೆದ. ಇನ್ನೊಂದು ತಲೆಯ ಮೇಲೆ ಹೋಗುತ್ತಿತ್ತು. ಸಿದ್ರಾಮ ಹಾರಿ ಹಿಡಿದ.

"ಲೇ, ಆ ಗಿಡ್ಡನ್ನ ತೆಗೀರೋ!" ಕಾಂಪೌಂಡಿನ ಆಚೆಯಿಂದ ಯಾರೋ ಕೂಗಿದರು.

"ನೋಡಮ್ಮಾ, ಬೇರೆಯವರನ್ನ ಹಾಕ್ಲಾ?" ಗುರುರಾಜ್ ಸಾರ್ ಗಾಬರಿಯಲ್ಲಿ ಭಾಗ್ಯಶ್ರೀಯ ಕಡೆ ಬಾಗಿ ಕೇಳಿದರು.

ಭಾಗ್ಯಶ್ರೀ ಬಾಯಿ ತೆರೆದಳು. ಹೇಳಲು ಅವಳಿಗೆ ಏನೂ ಹೊಳೆಯಲಿಲ್ಲ. ಅವಳ ಕಣ್ಣು ಮುತ್ತುವಿನ ಮೇಲಿತ್ತು. ಅಷ್ಟು ದೊಡ್ಡ ಮೈದಾನದ ನಡುವೆ ಅವನು ಒಬ್ಬನೇ ನಿಂತಿದ್ದ, ಎಡಗೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ.

ಅಷ್ಟರಲ್ಲಿ ಸಿದ್ರಾಮ ಅಂಪೈರ್‌ಗೆ ಒಂದು ನಿಮಿಷ ಎಂದು ಕೈ ತೋರಿಸಿ ಎದ್ದ. ಮಾಸ್ಕನ್ನು ತಲೆಯ ಮೇಲಕ್ಕೆ ಸರಿಸಿ, ಆರಾಮಾಗಿ, ಅಂಗಡಿಗೆ ಹೋಗುವವನ ಹಾಗೆ ಮುತ್ತುವಿನ ಹತ್ತಿರ ನಡೆದುಹೋದ. ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದ. ಮುತ್ತು ತಲೆಯಾಡಿಸಿದ. ಸಿದ್ರಾಮ ಮತ್ತೇನೋ ಹೇಳಿದ. ಮುತ್ತು ನಕ್ಕುಬಿಟ್ಟ!

ಸಿದ್ರಾಮ ವಾಪಸ್ ಬಂದು ಕೂತ. ಮುತ್ತು ಎಸೆದ.

ಎದುರಿನವನು ಬ್ಯಾಟ್ ಬೀಸಿದ. ಚೆಂಡು ನೆಲದ ಮೇಲೆ ಪುಟಿಯುತ್ತಾ ಮುತ್ತುವಿನ ಕಡೆಗೇ ಬಂತು. ಮೂರನೇ ಬೇಸಿನ ಹುಡುಗ ಬಾಣದಂತೆ ಓಡಿದ. "ಮುತ್ತು, ಇಲ್ಲಿಗೆ!" ಎಂದು ಸಿದ್ರಾಮ ಅರಚಿದ. ಚೆಂಡು ಬಂತು, ಓಡುವವನೂ ಬಂದ. ಇಬ್ಬರೂ ಒಂದಾಗಿ ಧೂಳಿನಲ್ಲಿ ಉರುಳಿದರು.

ಯಾರಿಗೂ ಏನೂ ಕಾಣಲಿಲ್ಲ. ಅಂಪೈರ್ ಬಾಗಿ ನೋಡುತ್ತಿದ್ದರು. ಮೊದಲು ಧೂಳಿನಿಂದ ಒಂದು ಗ್ಲೌಸು ಮೇಲೆದ್ದಿತು. ಅದರೊಳಗೆ ಚೆಂಡಿತ್ತು.

"ಔಟ್!"

ಹುಡುಗರು ಸಿದ್ರಾಮನ ಮೇಲೆ ಬಿದ್ದರು. ಸಿದ್ದಾರ್ಥ ಅಷ್ಟು ದೂರದಿಂದ ಓಡಿಬಂದು ಎಲ್ಲರಿಗಿಂತ ಮೇಲೆ ಹಾರಿದ. ಮಹಾದೇವಿ ಮೇಡಂ ಕೊಡೆ ಮಡಚುತ್ತಾ, "ಸರಿ, ಈ ವರ್ಷ ಇರ್ಲಿ. ಪರೀಕ್ಷೆಲೂ ಹಿಂಗೇ ಓಡ್ಬೇಕು," ಎಂದರು.

ಮನೆಗೆ ಹೋಗುವಾಗ ಅಣ್ಣ ತಂಗಿ ಟೆಂಪೋಗಳ ಸಾಲಿನ ಪಕ್ಕದಲ್ಲಿ ನಡೆಯುತ್ತಿದ್ದರು. ಸಿದ್ರಾಮನ ಮೊಣಕೈ ತರಚಿ ಹೋಗಿತ್ತು.

"ಅಣ್ಣಾ," ಎಂದಳು ಭಾಗ್ಯಶ್ರೀ. "ಮುತ್ತೂಗ ಏನ್ ಹೇಳಿದಿ?"

"ಏನಿಲ್ಲ."

"ಹೇಳೋ."

"ಮ್ಯಾಚ್ ಮುಗದ ಮ್ಯಾಲ ಗೋಬಿ ತಿನ್ನೂಣೇನು, ಪಾನಿಪೂರಿ ತಿನ್ನೂಣೇನು ಅಂತ ಕೇಳಿದೆ."

"ಅಷ್ಟನ?"

"ಅಷ್ಟ."

ಭಾಗ್ಯಶ್ರೀಗೆ ಸೋತ ಮ್ಯಾಚುಗಳೆಲ್ಲ ಒಂದೊಂದಾಗಿ ನೆನಪಾದವು. ಎಲ್ಲದರಲ್ಲೂ ಮೈದಾನದ ನಡುವೆ ಅಣ್ಣ ಒಬ್ಬನೇ ನಿಂತಿದ್ದ. ಅವನ ಹತ್ತಿರ ಸಿದ್ದಾರ್ಥ ಎದ್ದು ಹೋಗಿರಲಿಲ್ಲ, ಸಾರ್ ಹೋಗಿರಲಿಲ್ಲ. ಅವಳೂ ಕಟ್ಟೆಯ ಮೇಲೆ ಕೂತು ಅವನ ತಪ್ಪು ನೋಡುತ್ತಿದ್ದಳು.

"ನಿನ್ನ ಹಂತೇಕ ಯಾರೂ ಬರ್ತಿರ್ಲಿಲ್ಲಲ್ಲ ಅಣ್ಣಾ," ಎಂದಳು ಮೆಲ್ಲಗೆ.

ಹಿಂದಿನಿಂದ ಟೆಂಪೋ ಒಂದು ಹಾರ್ನ್ ಹೊಡೆಯಿತು. ಸಿದ್ರಾಮ ತಂಗಿಯ ಹೆಗಲು ಹಿಡಿದು ಒಳಬದಿಗೆ ಸರಿಸಿದ. ಟೆಂಪೋ ದಾಟಿ ಹೋಯಿತು. ಆದರೂ ಅವನ ಕೈ ಅಲ್ಲೇ ಇತ್ತು.