ನೋವಿನ ಮುಯ್ಯಾಳು

ಏಳನೇ ಮಾಡಿನ ಕೆಳಗೆ ಜೋಳ ಮೊಣಕಾಲುದ್ದ ಬೆಳೆದು ನಿಂತಿತ್ತು. ತಂಗೆವ್ವ ಕುರುಪಿ ಹಿಡಿದು ಕಳೆ ಕೀಳುತ್ತ ಸಾಲಿನ ನಡುಮಧ್ಯಕ್ಕೆ ಬಂದಿದ್ದಳು. ಎಡ ಮೊಳಕೈಯೊಳಗೆ ಯಾರೋ ಕಾದ ಸಲಾಕೆ ತೂರಿಸಿದಂತಾಯಿತು. ಕುರುಪಿ ಕೆಳಗೆ ಬಿತ್ತು. ಅವಳು ಕೂಗಲಿಲ್ಲ. ಕೂತಲ್ಲೇ ಮುದುರಿಕೊಂಡು, ಕೈಯನ್ನು ಹೊಟ್ಟೆಗೆ ಒತ್ತಿ, ಹಣೆಯನ್ನು ಮಣ್ಣಿಗೆ ಹಚ್ಚಿದಳು. ಅದೇ ಗಳಿಗೆಯಲ್ಲಿ ಎರಡು ಸಾಲು ಆಚೆ ಅವಳ ನಾದಿನಿ ಹುಲಿಗೆವ್ವ ಎಡ ಮೊಳಕೈ ಹಿಡಿದು ನೆಲಕ್ಕೆ ಒರಗಿದಳು. ಬದುವಿನ ಮೇಲೆ ನೀರಿನ ಕೊಳವೆ ಸರಿಮಾಡುತ್ತಿದ್ದ ಮುದುಕ ದ್ಯಾಮಪ್ಪನೂ ಅದೇ ಕೈಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ. ಯಾರ ಕೈಯಲ್ಲೂ ಗಾಯವಿರಲಿಲ್ಲ, ಒಂದು ಗೀರು ಕೂಡ ಇರಲಿಲ್ಲ.

ಉಸಿರು ತಿರುಗಿದ ಮೇಲೆ ದ್ಯಾಮಪ್ಪ, "ನಿನ್ನ ಗಂಡಗ ಎಡಗೈ ಬಿಟ್ರ ಬ್ಯಾರೆ ಕೈ ಕೊಟ್ಟ ಇಲ್ಲೇನವಾ ದೇವರು," ಎಂದ.

"ನಿಮ್ಮ ಅಳಿಯ ಅಲ್ಲೇನ್ರಿ ಮಾವ. ಸಣ್ಣವಿದ್ದಾಗ ಬಲಗೈಲೆ ಬಡಿಸ್ಕೊಳ್ಳಾಕ ನೀವ ಕಲಿಸಬೇಕಿತ್ತು," ಎಂದಳು ತಂಗೆವ್ವ, ಮಣ್ಣಿನಿಂದ ಹಣೆ ಎತ್ತದೆ. ಹಾಗೆನ್ನುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಇತ್ತು. ನೋವು ಬಂತೆಂದರೆ ಗಂಡ ಯಮನೂರಪ್ಪ ಜೀವಂತ ಇದ್ದಾನೆ ಎಂದರ್ಥ.

ಅಕ್ಕಪಕ್ಕದ ಹೆಂಗಸರು ಯಾರೂ ಹೇಳದೆಯೇ ಬಂದು ಅವಳ ಸಾಲನ್ನು ಹಿಡಿದು ಮುಂದೆ ಹೋದರು.

ಮಂಗಳ ಗ್ರಹದ ದೊಡ್ಡ ಕಣಿವೆಗೆ ಹೊದಿಸಿದ ಬೆಳಕು ಸೋಸುವ ಚಾವಣಿಗಳಿಗೆ ಅಲ್ಲಿಯ ಜನ ಮಾಡು ಎನ್ನುತ್ತಿದ್ದರು. ಮಲಪ್ರಭೆ, ಘಟಪ್ರಭೆಗಳ ದಂಡೆಯಿಂದ ಬೀಜ ಕಟ್ಟಿಕೊಂಡು ಬಂದವರೇ ಈ ಮಾಡಿನಲ್ಲಿ ಹೆಚ್ಚು. ಮಾಡಿನ ಮೇಲೆ, ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುವ ಫೋಬೋಸ್ ಎಂಬ ಪುಟ್ಟ ಚಂದ್ರ ದಿನಕ್ಕೆ ಎರಡು ಸಲವಾದರೂ ಹಾಯ್ದು ಹೋಗುತ್ತಿತ್ತು. ಕಣಿವೆ ಒಕ್ಕೂಟದ ಹಡಗುಗಳು ತಂಗುವ ಬಂದರು ಅದರ ಮೇಲಿತ್ತು. ದೂರದ ಕ್ಷುದ್ರಗ್ರಹಗಳಿಂದ ಬಂದ ಹೊರಪಟ್ಟಿಯವರಿಗೂ ಆ ಬಂದರು ಬೇಕಾಗಿತ್ತು. ಅದನ್ನು ಕಾಯಲು ಒಕ್ಕೂಟ ಕಟ್ಟಿದ್ದೇ ಗಡಿಯಾಳುಗಳನ್ನು.

ಗಡಿಯಾಳು ಎಂದರೆ ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ಮನುಷ್ಯ. ಅದರ ಎದೆಗೂಡಿನಲ್ಲಿ, ಗಬ್ಬದೊಳಗಿನ ಕರುವಿನ ಹಾಗೆ, ಒಬ್ಬ ಚಾಲಕ ಮುದುರಿಕೊಂಡಿರುತ್ತಾನೆ. ಅವನು ಕೈ ಎತ್ತಿದರೆ ಅದೂ ಎತ್ತುತ್ತದೆ. ಫೋಬೋಸಿನ ಮೇಲೆ ತೂಕವೇ ಇಲ್ಲ ಎನ್ನುವಷ್ಟು ಕಡಿಮೆ. ಕಾಲು ಊರಿ ನಡೆದರೆ ಗಡಿಯಾಳು ಹಾರಿಹೋಗಿಬಿಡುತ್ತದೆ. ಹಾಗಾಗಿ ಅದು ಉಡದಂತೆ ಉಗುರು ನೆಟ್ಟು ಬಂಡೆ ಕಚ್ಚಿಕೊಂಡೇ ಹೊಡೆದಾಡಬೇಕು. ಯಮನೂರಪ್ಪ ಮೊದಲು ಮಣ್ಣು ಕೊರೆಯುವ ಯಂತ್ರ ಓಡಿಸುತ್ತಿದ್ದವನು. ಹಿಡಿತ ಗಟ್ಟಿ ಎಂದು ಅವನನ್ನು ಆರಿಸಿದ್ದರು. ಅವನಿದ್ದ ಗಡಿಯಾಳನ್ನು ಹಡಗು ಎತ್ತಿಕೊಂಡು ಹೋದ ದಿನ ಅದರ ನೆರಳು ಜೋಳದ ಮೇಲೆ ಬಹಳ ಹೊತ್ತು ಬಿದ್ದಿತ್ತು.

ಯಂತ್ರಕ್ಕೆ ಏಟು ಬಿದ್ದದ್ದನ್ನು ಪರದೆಯ ಮೇಲೆ ಓದಿ ತಿಳಿಯುವಷ್ಟರಲ್ಲಿ ಚಾಲಕ ಸತ್ತಿರುತ್ತಾನೆ. ನೋವಾಗಿ ತಿಳಿದರೆ, ಬೆಂಕಿ ಮುಟ್ಟಿದ ಕೈ ತಾನೇ ಹಿಂದೆ ಸರಿಯುವಂತೆ, ಯೋಚಿಸುವ ಮೊದಲೇ ತಪ್ಪಿಸಿಕೊಳ್ಳುತ್ತಾನೆ. ಆದ್ದರಿಂದ ಯಂತ್ರದ ಗಾಯವನ್ನು ಚಾಲಕನ ನರಗಳಿಗೇ ಜೋಡಿಸಿದ್ದರು. ತೊಂದರೆಯೆಂದರೆ, ಉಕ್ಕಿನ ತೋಳು ಮುರಿದ ನೋವನ್ನು ಒಂದು ಮೈ ತಡೆಯದು. ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ದಾರಿ ಕಂಡುಹಿಡಿದವರು ಡಾಕ್ಟರ್ ಪದ್ಮಪ್ರಭ. ನೋವಿನ ಮೊದಲ ಚುಚ್ಚು ಚಾಲಕನಿಗಿರಲಿ, ಆಮೇಲೆ ಉಳಿಯುವ ಉರಿಯನ್ನು ಬೇರೆಯವರಿಗೆ ಹರಿಸಬಹುದು ಎಂದು ಅವರು ತೋರಿಸಿದರು. ಮೊದಲು ಅದನ್ನು ಒಂದು ಯಂತ್ರಕ್ಕೇ ಹರಿಸಲು ನೋಡಿದ್ದರು. ಮೆದುಳು ಬಿಟ್ಟುಕೊಡಲಿಲ್ಲ. ಇನ್ನೊಂದು ಜೀವ ತೆಗೆದುಕೊಂಡರೆ ಮಾತ್ರ ಬಿಟ್ಟಿತು. ಕುತ್ತಿಗೆಯ ಹಿಂದೆ ಕಟ್ಟುವ ಎರಡು ಬೆರಳಗಲದ ಪಟ್ಟಿಯೇ ಆ ಕಾಲುವೆ.

ಮಾಡಿನ ಜನಕ್ಕೆ ಇದು ಹೊಸದೆನಿಸಲಿಲ್ಲ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂದು ಕೂಲಿಯಿಲ್ಲದೆ ದುಡಿಯುವ ಮುಯ್ಯಾಳು ಪದ್ಧತಿ ಅವರು ಭೂಮಿಯಿಂದ ತಂದದ್ದೇ. ಪಟ್ಟಿ ಕಟ್ಟಿಕೊಂಡವರನ್ನೂ ಮುಯ್ಯಾಳು ಎಂದರು. ಯಮನೂರಪ್ಪನಿಗೆ ಐದು ಜನ: ಹೆಂಡತಿ, ಅಕ್ಕ, ಸೋದರಮಾವ, ಇಬ್ಬರು ಗೆಳೆಯರು.

ಮೇಲಿನಿಂದ ಮಾತು, ಪತ್ರ ಏನೂ ಬರುವಂತಿರಲಿಲ್ಲ. ಸತ್ತವರ ಹೆಸರನ್ನೂ ಯುದ್ಧ ಮುಗಿದ ಮೇಲೆಯೇ ಹೇಳುವುದೆಂದು ಒಕ್ಕೂಟದ ನಿಯಮ. ತಂಗೆವ್ವನಿಗೆ ಪಟ್ಟಿಯೇ ಸುದ್ದಿ. ಹೊಡೆದಾಟವಿಲ್ಲದ ದಿನಗಳಲ್ಲಿ ಬೆರಳ ಗೆಣ್ಣುಗಳಲ್ಲಿ ಸಣ್ಣಗೆ ಸೆಳೆಯುತ್ತಿತ್ತು. ಬಂಡೆ ಹಿಡಿದುಕೊಂಡು ಕೂತಿದ್ದಾನೆ ಎಂದು ತಿಳಿದು ಅವಳು ರೊಟ್ಟಿ ಬಡಿಯುತ್ತಿದ್ದಳು. ಆರನೇ ಮಾಡಿನ ಒಬ್ಬ ಚಾಲಕ ಹೋದಾಗ ಅವನ ಮುಯ್ಯಾಳುಗಳು ಹೇಳಿದ್ದರು: ನೋವಾಗಲಿಲ್ಲ, ಬೆನ್ನ ಮೇಲಿದ್ದ ಕೈಯನ್ನು ಯಾರೋ ತೆಗೆದಂತಾಯಿತು.

ಆದರೆ ಹುಲಿಗೆವ್ವ ಸೋಲತೊಡಗಿದಳು. ಉಂಡದ್ದು ನಿಲ್ಲಲಿಲ್ಲ. ಎಡಗೈ ಒಣಗಿದ ಹುರಿಯಂತಾಯಿತು. ಎಲ್ಲ ಮಾಡುಗಳ ಮುಯ್ಯಾಳುಗಳೂ ಒಕ್ಕೂಟದ ಸಭೆಯ ಅಂಗಳಕ್ಕೆ ಹೋಗಿ ಕೂರುತ್ತಿದ್ದ ಕಾಲ ಅದು. ಸದಸ್ಯರ ಕಣ್ಣೆದುರೇ ಯಾರೋ ಒಬ್ಬರು ಪಕ್ಕೆ ಹಿಡಿದು ಉರುಳುತ್ತಿದ್ದರು. ನೋಡಲಾಗದೆ ಸದಸ್ಯರು ಹೊರಪಟ್ಟಿಯವರೊಡನೆ ಸಂಧಾನದ ಮಾತು ಶುರುಮಾಡಿದ್ದರು. ಬಂದರನ್ನು ಪಾಲು ಮಾಡಿಕೊಳ್ಳುವ ತನಕ ಮಾತು ಬಂದಿತ್ತು. ಅಂಥ ಒಂದು ದಿನ ತಂಗೆವ್ವ ಎದ್ದು ನಿಂತು, "ನಮ್ಮ ಹುಲಿಗೆವ್ವ ಉಳಿಯೂದಿಲ್ರಿ. ಇನ್ನೊಂದು ಹತ್ತು ಆಳು ಕೂಡಿಸಿ ಕೊಡ್ರಿ, ಹಗುರಾಗತೈತಿ," ಎಂದು ಕೇಳಿದಳು. ಹೊಲ ದೊಡ್ಡದಾದರೆ ಆಳು ಹೆಚ್ಚು ಕರೆಯುವುದು ಅವಳಿಗೆ ಗೊತ್ತಿದ್ದ ರೀತಿ.

ಸಭೆ ಆ ಮಾತನ್ನು ಹಿಡಿದುಕೊಂಡಿತು. ಕಣಿವೆಯ ಒಂದೂಕಾಲು ಲಕ್ಷ ಜನರೂ ಪಟ್ಟಿ ಕಟ್ಟಬೇಕು, ಎಲ್ಲ ಚಾಲಕರ ನೋವನ್ನೂ ಎಲ್ಲರಿಗೂ ಸಮನಾಗಿ ಹಂಚಬೇಕು ಎಂದು ಠರಾವಾಯಿತು. ಕೇಳಿದವರೆಲ್ಲ ಒಪ್ಪಿದರು. ಮುಯ್ಯಿಗೆ ಕರೆದರೆ ಬರುವುದಿಲ್ಲ ಎನ್ನುವ ಜನ ಅಲ್ಲಿ ಇರಲಿಲ್ಲ.

ಪದ್ಮಪ್ರಭರೇ ಏಳನೇ ಮಾಡಿಗೆ ಬಂದರು. ಸಣಕಲು ಮನುಷ್ಯ, ತೆಂಕಣ ಸೀಮೆಯ ಮಾತು. ಕಣದ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಪಟ್ಟಿಯನ್ನೂ ಬದಲಿಸುತ್ತಿದ್ದರು. ತಂಗೆವ್ವ ಎಲ್ಲರಿಗೂ ಹಿಂದೆ ನಿಂತು, ಕೊನೆಗೆ ಬಂದಳು.

"ನನ್ನದೊಂದ ಇದ್ದಂಗ ಬಿಡ್ರಿ ಡಾಕ್ಟರ," ಎಂದಳು. "ಅವನ ನೋವು ಪೂರಾ ನನಗ ಇರ್ಲಿ. ಐದು ಮಂದೀದೂ ನಾನ ಹೊರತೀನಿ."

"ಕೇಳಿದ್ದು ನೀವೇ ಅಲ್ವೇನಮ್ಮ?"

"ಹತ್ತು ಆಳು ಕೇಳಿದ್ನಿರಿ. ಊರಿಗೆ ಊರ ಕೊಡ್ರಿ ಅಂದಿದ್ದಿಲ್ಲ."

ಪದ್ಮಪ್ರಭ ಕೈಯಲ್ಲಿದ್ದ ಪಟ್ಟಿಯನ್ನು ಕಟ್ಟೆಯ ಮೇಲಿಟ್ಟರು. "ಈಗ ಒಬ್ಬೊಬ್ಬರಿಗೆ ಒಂದೊಂದು ಕಾಲುವೆ ಇಲ್ಲ. ಎಲ್ಲರದೂ ಒಂದೇ ಕೆರೆಗೆ ಬೀಳುತ್ತೆ. ಆ ಕೆರೆಯಲ್ಲಿ ಯಾವ ಹಳ್ಳದ ನೀರು ಯಾವುದು ಅಂತ ನನಗೂ ಹೇಳಕ್ಕಾಗಲ್ಲ."

"ಕಟ್ಟಿದವ್ರು ನೀವು. ಬಿಚ್ಚಾಕ ಬರೂದಿಲ್ಲೇನು?"

"ಬರುತ್ತೆ. ಬಿಚ್ಚಿದ ಗಳಿಗೆಯಲ್ಲಿ ಮೇಲಿರೋ ಹುಡುಗರ ನೋವೆಲ್ಲ ಅವರ ಮೇಲೇ ವಾಪಸ್ ಬೀಳುತ್ತೆ. ನಿಮ್ಮವರ ಮೇಲೂ."

ತಂಗೆವ್ವ ಕುತ್ತಿಗೆಯ ಹಳೆಯ ಪಟ್ಟಿಯನ್ನು ಮುಟ್ಟಿಕೊಂಡಳು. ಆಮೇಲೆ, "ಅವ ಹೋದ್ರ ನನಗ ತಿಳೀತೈತೇನ್ರಿ?" ಎಂದು ಕೇಳಿದಳು.

ಅವರು ಕಟ್ಟೆಯ ಮೇಲಿನ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು. ಬೇರೆ ಏನೋ ಹೇಳಿದರು. "ಇದನ್ನ ಮಾಡುವಾಗ ಯುದ್ಧ ಒಂದು ಸುಗ್ಗಿ ದಾಟಲ್ಲ ಅಂದುಕೊಂಡಿದ್ದೆ ನಾನು. ಮನೆಯಲ್ಲಿ ಕೂತವರಿಗೂ ನೋಯ್ತು ಅಂದ್ರೆ ಅವರೇ ನಿಲ್ಲಿಸ್ತಾರೆ ಅಂತ. ನಿಲ್ಲಿಸೋ ಹತ್ರಕ್ಕೂ ಬಂದಿದ್ರಿ. ಇನ್ನೂ ಸಣ್ಣಗೆ ಹಂಚಬಹುದು ಅನ್ನೋದು ನನಗೆ ಹೊಳೆದಿರಲಿಲ್ಲ."

"ಹೊಳೆದಿದ್ದು ನನಗ," ಎಂದಳು ತಂಗೆವ್ವ. ಹುಲಿಗೆವ್ವ ದೂರದಲ್ಲಿ, ಹೊಸ ಪಟ್ಟಿ ಕಟ್ಟಿಕೊಂಡು, ಎಡಗೈಯಿಂದ ಚೊಂಬು ಎತ್ತಿ ನೋಡುತ್ತಿದ್ದಳು. ಎತ್ತಲು ಬಂದದ್ದಕ್ಕೆ ಅವಳಿಗೇ ನಗು ಬಂದಿತ್ತು. ಆ ನಗುವನ್ನು ಬೇಡವೆನ್ನುವುದು ತಂಗೆವ್ವನಿಂದಾಗಲಿಲ್ಲ. ಅವಳು ಸೆರಗು ಸರಿಸಿ ಕುತ್ತಿಗೆ ಬಗ್ಗಿಸಿದಳು.

ಹುಲಿಗೆವ್ವ ಚೇತರಿಸಿಕೊಂಡಳು. ಯಾರೂ ಸಾಲಿನ ನಡುವೆ ಕುಸಿಯಲಿಲ್ಲ. ಒಮ್ಮೆ ಮೊಣಕಾಲಿನಲ್ಲಿ, ಒಮ್ಮೆ ಪಕ್ಕೆಯಲ್ಲಿ, ಇರುವೆ ಹರಿದಂತೆ ಏನೋ ಆಗುತ್ತಿತ್ತು, ಅಷ್ಟೇ. ತಂಗೆವ್ವ ಹೊಲದ ಕೆಲಸ ಬಿಟ್ಟು, ಕಣ್ಣು ಮುಚ್ಚಿ, ಅದರಲ್ಲಿ ತನ್ನವನನ್ನು ಹುಡುಕಲು ಕೂರುತ್ತಿದ್ದಳು. ಬೆರಳ ಗೆಣ್ಣಿನ ಆ ಸೆಳೆತಕ್ಕೆ ಕಾಯುತ್ತಿದ್ದಳು. ಯಾರ ಯಾರದೋ ಇರುವೆಗಳು ಹರಿದಾಡಿ ಹೋಗುತ್ತಿದ್ದವು.

ಮುಂದಿನ ಸಭೆಗೆ ಅಂಗಳದಲ್ಲಿ ಕೂತವರು ಅವಳು, ದ್ಯಾಮಪ್ಪ ಇಬ್ಬರೇ. ಸಂಧಾನದ ಮಾತು ಎಲ್ಲಿಗೆ ಬಂತೆಂದು ಅವಳು ಕೇಳಿದ್ದಕ್ಕೆ ಸದಸ್ಯನೊಬ್ಬ ಹೊರಗೆ ಬಂದು, ನೀರು ತರಿಸಿ ಕೊಟ್ಟು, ಮರ್ಯಾದೆಯಿಂದಲೇ ಅಂದ: "ತಂಗೆವ್ವಾ, ಈಗ ಯಾರಿಗೆ ತ್ರಾಸ ಐತಿ, ಅದನ್ನಾರ ಹೇಳು." ಹೇಳಲು ಅವಳ ಮೈಯಲ್ಲೂ ಏನೂ ಇರಲಿಲ್ಲ. ಆ ತಿಂಗಳು ಮಾಡಿನ ಮೇಲೆ ಗಡಿಯಾಳುಗಳ ನೆರಳು ಒಂದರ ಹಿಂದೆ ಒಂದು ಹಾಯ್ದವು. ಮೊದಲು ಗಡಿಯಾಳುಗಳು ಏಳೇ ಇದ್ದವು. ಈಗ ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಸುಗ್ಗಿ ಮುಗಿದು ಹಿಟ್ಟಿನ ಗಿರಣಿಯ ಮುಂದೆ ಸಾಲು ಹಚ್ಚಿದ್ದ ದಿನ. ತಂಗೆವ್ವ ಜೋಳದ ಚೀಲ ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು, ಅವಳ ಹಿಂದೆ ದ್ಯಾಮಪ್ಪ. ಮುಂದಿನ ಇಬ್ಬರು ಹೆಂಗಸರು ಯಾರದೋ ಸೊಸೆಯ ಅಡುಗೆಯನ್ನು ಆಡಿಕೊಳ್ಳುತ್ತಿದ್ದರು. ಮಾತಿನ ನಡುವೆ ಇಬ್ಬರೂ ಎಡ ಮೊಳಕೈ ತುರಿಸಿದರು. ಗಿರಣಿಯವ ಹಿಟ್ಟಿನ ಕೈಯಲ್ಲೇ ತನ್ನ ಮೊಳಕೈ ಉಜ್ಜಿದ. ಸಾಲಿಗೆ ಸಾಲೇ, ಗಾಳಿಗೆ ಬೆಳೆ ಬಾಗಿದ ಹಾಗೆ, ಒಮ್ಮೆ ಎಡ ಮೊಳಕೈಗೆ ಕೈ ಒಯ್ದು ಬಿಟ್ಟಿತು.

"ಸೊಳ್ಳಿ ಕಡಿದಂಗಾತು," ಎಂದ ದ್ಯಾಮಪ್ಪ.

"ಇಲ್ಲಿ ಎಲ್ಲಿ ಸೊಳ್ಳಿ ಬಂದುವು ಮುತ್ಯಾ, ನಾವಂತೂ ನೋಡಿಲ್ಲ," ಎಂದು ಮುಂದಿನ ಹೆಂಗಸು ನಕ್ಕಳು. "ಆ ಸೊಸಿ ಅಡಗಿ ಏನ್ ಕಲಿತಾಳ, ಕೇಳಿಲ್ಲಿ..."

ತಂಗೆವ್ವ ಉಸಿರು ಹಿಡಿದು ನಿಂತಿದ್ದಳು. ಒಂದೂಕಾಲು ಲಕ್ಷ ಜನರಲ್ಲಿ ಹಂಚಿಯೂ ಇಷ್ಟು ಬಂತೆಂದರೆ ಮೇಲೆ ಅದು ಎಷ್ಟಿರಬೇಕು ಎಂದು ಯೋಚಿಸುತ್ತಿದ್ದಳು. "ಮಾವ, ಎಡಗೈ," ಎಂದಳು.

"ಎಡಗೈ ಎಲ್ಲಾರಿಗೂ ಇರತಾವ," ಎಂದ ಅವನು, ಅವಳ ಮುಖ ನೋಡದೆ. ಆಮೇಲೆ ತಾನೇ ಹೇಳಿದ: "ನಾನು ಭೂಮಿಯಾಗ ಹುಡುಗ ಇದ್ದೆ ನೋಡು, ಆಗ ಉಣ್ಣಾಕ ಕುಂತ್ರ ಫೋನಿನಾಗ ಯುದ್ಧ ಬರತಿತ್ತು. ಯಾವುದೋ ಊರು ಉರೀತಿರತಿತ್ತು. ಮಂದಿ ಕಲ್ಲಾಗ ಕೈ ಹಾಕಿ ತಮ್ಮವ್ರನ್ನ ಹುಡುಕತಿರತಿದ್ರು. ನಮ್ಮಪ್ಪ ಛೇ ಅಂತಿದ್ದ. ಹೆಬ್ಬೆರಳಲೆ ಮ್ಯಾಲ ಸರಿಸಿ ರೊಟ್ಟಿ ಮುರೀತಿದ್ದ. ನಾವೂ ಮುರೀತಿದ್ವಿ."

"ಆಗ ಈ ಪಟ್ಟಿ ಇದ್ದಿಲ್ಲಲ್ರಿ."

"ಇದ್ದಿಲ್ಲ. ಪಾಲು ಮಾತ್ರ ಇಷ್ಟ ಬರತಿತ್ತು."

ತಂಗೆವ್ವ ಬಲಗೈಯ ಉಗುರುಗಳಿಂದ ತನ್ನ ಎಡ ಮೊಳಕೈಯನ್ನು ಹಿಂಡಿದಳು, ಹೋಗುತ್ತಿರುವುದನ್ನು ಹಿಡಿದು ನಿಲ್ಲಿಸುವಂತೆ. ಚರ್ಮ ಕಿತ್ತು ರಕ್ತ ಜಿನುಗಿತು, ನೋವೂ ಆಯಿತು. ಆದರೆ ಅದು ಅವಳದೇ ನೋವು. ಅದರಲ್ಲಿ ಬೇರೆ ಯಾರೂ ಇರಲಿಲ್ಲ.

ಸಾಲು ಸರಿದಿತ್ತು. "ನಡೀವಾ ಮುಂದ, ಹೊತ್ತಾತು," ಎಂದು ಹಿಂದಿನಿಂದ ಯಾರೋ ಅಂದರು. ಅವಳು ಚೀಲ ಎತ್ತಿಕೊಂಡು ಮುಂದೆ ನಡೆದಳು.