ಹೆಲ್ಮೆಟ್ಟಿನ ಹುಲಿಗೆ ಕಣ್ಣು

2006ರ ಮಾತು. ಗುಂಡ್ಲುಪೇಟೆಯ ನಮ್ಮ ಪೇಂಟಿಂಗ್ ಅಂಗಡಿ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನಿಂತೆ. ನನ್ನ ಗಂಡ ರಿಯಾಜ್ ಹಿಂದಿನ ದಿನ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಕ್ರಿಕೆಟ್ ಹೆಲ್ಮೆಟ್ಟಿನ ಮೇಲೆ ಬಿಡಿಸಿದ್ದ ಹುಲಿಗೆ ಕಣ್ಣು ಬಂದಿತ್ತು.

ಧರ್ಮಕ್ಕೆ ಸಲ್ಲದೆಂದು ಜೀವಿಗಳಿಗೆ ಕಣ್ಣು ಬರೆಯಲು ರಿಯಾಜ್ ಒಪ್ಪುವುದಿಲ್ಲ. ಆ ಕೆಲಸ ನಮ್ಮ ಅಂಗಡಿಯಲ್ಲೇ ದುಡಿಯುತ್ತಿದ್ದ ಹಂಗಳದ ಸುಧಾಕರನದು. ಅವನು ತೀರಿಕೊಂಡು ಹದಿನೈದು ದಿನವಾಗಿತ್ತು. ಎಳೆಯ ಮನಸ್ಸು ನೋಯಬಾರದೆಂದು, ಊರಿಗೆ ಹೋಗಿದ್ದಾನೆ ಎಂದಷ್ಟೇ ಮಗಳು ಮಿಸ್ಬಾಗೆ ಹೇಳಿದ್ದೆವು.

“ನೀನೇನಾದ್ರೂ ಬರೆದ್ಯೇನೇ?” ಎಂದರು ರಿಯಾಜ್.

“ನಂಗೆ ಗೋಡೆಗೆ ಸುಣ್ಣ ಬಳಿಯೋಕೂ ಬರಲ್ಲ ಕಣ್ರಿ.”

ಅವರು ಥಿನ್ನರ್ ಹಾಕಿ ಒರೆಸಿದರು. ನಾನು ಚಹಾ ತರುವಷ್ಟರಲ್ಲಿ ಕಣ್ಣು ಮತ್ತೆ ಇತ್ತು, ಹಸಿಯಾಗಿತ್ತು. ಬೆಳಗಿನಿಂದ ಕರೆಂಟ್ ಇರಲಿಲ್ಲ. ಆದರೂ ಬ್ರಷ್ಷಿಗೆ ಗಾಳಿ ಒದಗಿಸುವ ಕಂಪ್ರೆಸರ್ ಮುಟ್ಟಿದರೆ ಬಿಸಿ. ಇಬ್ಬರೂ ಚಹಾ ಕುಡಿದೆವು.

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಿಸ್ಬಾ ಕೊನೆಗೆ ಕೇಳಿದಳು: “ಅಮ್ಮಿ, ಸುಧಾಕರ್ ಚಾಚಾ ಬಂದವ್ರಲ್ಲಾ, ಯಾಕೆ ನೀವಿಬ್ರೂ ಮಾತಾಡಿಸ್ತಿಲ್ಲ?”