ಒಂಟಿ ಸೀಟಿನ ವಿಮಾನ

"ಯಾರು ಕತ್ತರಿಸಿದ್ದು ಇದನ್ನು? ಯಾರು?!"

ಎಂಬತ್ತೊಂದು ವರ್ಷದ ಕುಸುಮಕ್ಕನ ಕೂಗಿಗೆ ಚಾವಡಿಯಲ್ಲಿ ಕುರ್ಚಿ ಜೋಡಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾರಾವಿಯ ಪಡುಮಂಜ ಗುತ್ತಿನ ದೊಡ್ಡಮನೆಯಲ್ಲಿ ಆ ದಿನ ಪೈಲಟ್ ದೂಮಪ್ಪನವರ ಸ್ಮಾರಕದ ಉದ್ಘಾಟನೆ. ಗಾಜಿನ ಪೆಟ್ಟಿಗೆಗೆ ಇನ್ನೂ ಬೀಗ ಬಿದ್ದಿರಲಿಲ್ಲ. ಒಳಗಿದ್ದ ನೀಲಿ ರಟ್ಟಿನ ಲಾಗ್‌ಬುಕ್ಕನ್ನು ಆಕೆ ತೆರೆದು ಹಿಡಿದಿದ್ದಳು. ನಡುವೆ ಒಂದು ಹಾಳೆ ಇರಲಿಲ್ಲ. ಬುಡದಲ್ಲಿ ಬ್ಲೇಡಿನಲ್ಲಿ ಕೊಯ್ದ ಅಂಚು ಮಾತ್ರ ಉಳಿದಿತ್ತು. ಮುದುಕಿ ಆ ಅಂಚಿನ ಮೇಲೆ ಬೆರಳಾಡಿಸಿದಳು…

ದೂಮಪ್ಪ ಆಕೆಯ ಅಪ್ಪ, ಈ ಗುತ್ತಿನ ಮಗ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಮೇಲೆ ಒಂಟಿ ಸೀಟಿನ ಹರಿಕೇನ್ ಯುದ್ಧವಿಮಾನ ಹಾರಿಸಿದವನು. ಮಗಳು ಹುಟ್ಟಿದ ಮೂರನೇ ತಿಂಗಳಲ್ಲಿ ಹೊರಟ ವಿಮಾನ ಮರಳಲಿಲ್ಲ. ಅವನು ಗುತ್ತಿನ ಗೇಣಿ ಒಕ್ಕಲಿನವನ ಮಗಳು ಸೇಸಮ್ಮನನ್ನು ಮದುವೆಯಾಗಿದ್ದ. ಗುತ್ತಿನವರು ಅವಳನ್ನು ಅಂಗಳಕ್ಕೂ ಸೇರಿಸಲಿಲ್ಲ. ಸೇಸಮ್ಮ ಪುಂಜಾಲಕಟ್ಟೆಯಲ್ಲಿ ಬೀಡಿ ಕಟ್ಟಿ ಮಗಳನ್ನು ಸಾಕಿದಳು. ಗಂಡನ ಟ್ರಂಕಿನಲ್ಲಿ ಬಂದ ಲಾಗ್‌ಬುಕ್ ಒಂದೇ ಅವಳ ಪಾಲಿನ ಆಸ್ತಿ.

ಅದರಲ್ಲಿ ಪ್ರತಿ ಹಾರಾಟದ ತಾರೀಕು, ವಿಮಾನ, ಹೊತ್ತು, ಕೆಲಸ. ಜೊತೆಗೆ ಹಾರಿದವರ ಹೆಸರಿಗೆ ಒಂದು ಕಾಲಂ. ಒಂಟಿ ಸೀಟಿನಲ್ಲಿ ಜೊತೆಗೆ ಯಾರಿರುತ್ತಾರೆ? ಪುಟಪುಟವೂ ಅಲ್ಲಿ ಬರೀ ಅಡ್ಡಗೆರೆ. ಮಗಳು ಹುಟ್ಟಿದ ಸುದ್ದಿಯ ಕಾಗದ ಕೈಸೇರಿದ ಮರುದಿನ ಮಾತ್ರ ದೂಮಪ್ಪ ಇಂಗ್ಲಿಷ್ ಬರಹದ ನಡುವೆ ಆ ಕಾಲಂನಲ್ಲಿ ಕನ್ನಡದಲ್ಲಿ ಬರೆದಿದ್ದ: ಕುಸುಮ.

ಈಗ ಇಲ್ಲದ್ದು ಆ ಹಾಳೆ!

"ಎಂತ ಕುಸುಮಕ್ಕ, ಬೆಳಿಗ್ಗೆ ಬೆಳಿಗ್ಗೆ ಬೊಬ್ಬೆ?" ಗುತ್ತಿನ ಯಜಮಾನಿ ಶಶಿಪ್ರಭಾ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ದೂಮಪ್ಪನ ತಂಗಿಯ ಮೊಮ್ಮಗಳು ಅವಳು. ವರಸೆಯಲ್ಲಿ ಅತ್ತೆ ಎನ್ನಬೇಕಾದವಳು ಬೀದಿಯ ಯಾರನ್ನೋ ಕರೆದಂತೆ ಕುಸುಮಕ್ಕ ಎನ್ನುತ್ತಿದ್ದಳು.

"ಇಲ್ಲಿದ್ದ ಹಾಳೆ ಎಲ್ಲಿ ಶಶಿ? ಗೋಡೆಯ ಕಲ್ಲಿನಲ್ಲಿ ಎಂತ ಬರೆಸಿದ್ದು ನೀನು? ಅವಿವಾಹಿತ, ನಿಃಸಂತಾನ… ಹಾಗಾದರೆ ನಾನು ಯಾರು?"

"ನಮ್ಮದು ಅಳಿಯಕಟ್ಟು ಅಲ್ವಾ! ಗಂಡಸಿನ ಸಂತಾನ ಅಂದ್ರೆ ಅವನ ತಂಗಿ ಮಕ್ಕಳು. ಅಂದ್ರೆ ನಾವು. ಅದರಲ್ಲಿ ಸುಳ್ಳೆಂತ ಉಂಟು?"

"ಅವಿವಾಹಿತ ಅನ್ನುವುದು? ಅದೂ ಅಳಿಯಕಟ್ಟಾ? ಶತ್ರುಗಳ ಮೂರು ವಿಮಾನ ಉರುಳಿಸಿದ ಅಂತ ಬರೆಸಿದ್ದೀಯಲ್ಲ, ಅದು ಯಾವ ಕಟ್ಟು? ಈ ಪುಸ್ತಕದಲ್ಲಿ ಒಂದನ್ನೂ ಉರುಳಿಸಿದ್ದು ಇಲ್ಲ! ಇಲ್ಲದ ಮೂರು ವಿಮಾನ ಕೊಟ್ರಿ, ಇದ್ದ ಒಬ್ಬ ಮಗಳನ್ನು ಕಿತ್ಕೊಂಡ್ರಿ!"

ಶಶಿಪ್ರಭಾ ತುಟಿ ಕೊಂಕಿಸಿದಳು. "ನನ್ನ ಮೇಲೆ ಯಾಕೆ ಹಾರ್ತೀರಿ? ಬ್ಲೇಡು ಹಿಡಿದವರನ್ನು ಕೇಳಿ. ನಿಮ್ಮ ಮನೆಯಲ್ಲೇ ಇದ್ದಾರೆ."

ಕುಸುಮಕ್ಕ ಗಕ್ಕನೆ ತಿರುಗಿದಳು. ಕಂಬದ ಹಿಂದೆ ಮಗ ಲೋಕನಾಥ ತಲೆ ತಗ್ಗಿಸಿ ನಿಂತಿದ್ದ. "ಅಮ್ಮಾ, ನಿಮ್ಮ ಹೆಸರನ್ನೇ ಮೊದಲು ಕೆತ್ತಿಸ್ತಾರೆ" ಎಂದು ಹೇಳಿ ಪುಸ್ತಕ ಕೊಂಡುಹೋಗಿದ್ದವನು ಅವನೇ. ಆಕೆ ಅವನ ರಟ್ಟೆ ಹಿಡಿದು ಪಕ್ಕದ ಕೋಣೆಗೆ ಎಳೆದಳು.

"ನೀನಾ ಲೋಕಾ… ನೀನಾ?"

"ಬೇರೆ ದಾರಿ ಇರಲಿಲ್ಲ ಅಮ್ಮ. ಬರುವ ಭಾನುವಾರ ಮಗಳು ಪ್ರಾಪ್ತಿಯ ನಿಶ್ಚಿತಾರ್ಥ. ಒಕ್ಕಲಿನವಳ ಸುದ್ದಿ ಊರಿಗೆ ಗೊತ್ತಾದರೆ ತನ್ನ ಮಗ ತರುಣ್‌ಗೆ ಈ ಸಂಬಂಧ ಬೇಡ ಅಂತ ಶಶಿಪ್ರಭಕ್ಕ ಖಡಾಖಂಡಿತ ಹೇಳಿದ್ರು. ಪ್ರಾಪ್ತಿ ಅವನನ್ನು ಬಿಟ್ಟು ಬೇರೆಯವರನ್ನು ಆಗುವುದಿಲ್ಲ ಅಂತಾಳೆ. ನಾನೆಂತ ಮಾಡುವುದು?"

"ಒಕ್ಕಲಿನವಳು! ಆ ಒಕ್ಕಲಿನವಳ ಬೀಡಿಯ ಅನ್ನ ಉಂಡು ಬೆಳೆದ ಮೈ ನಿನ್ನದು, ನಾಚಿಕೆ ಆಗುವುದಿಲ್ವಾ!"

ಲೋಕನಾಥ ಅಳುತ್ತ ಕಿಸೆಯಿಂದ ಮಡಚಿದ ಹಾಳೆ ತೆಗೆದ. "ಸುಡ್ಲಿಕ್ಕೆ ಹೇಳಿದ್ರು. ಕೈ ಬರಲಿಲ್ಲ… ತಗೊಳ್ಳಿ. ಬೇಕಾದ್ರೆ ಎಲ್ಲರಿಗೂ ತೋರಿಸಿ. ಮಗಳ ಬದುಕು ನಿಮ್ಮ ಕೈಯಲ್ಲಿ ಉಂಟು."

ಸುಟ್ಟಿದ್ದರೂ ಇಷ್ಟು ನೋವಾಗುತ್ತಿರಲಿಲ್ಲವೇನೋ! ಕತ್ತರಿಸಿದ ಪಾಪ ಅವನದು, ತೀರ್ಮಾನದ ಭಾರ ತಾಯಿಯ ತಲೆಗೆ. ಆಕೆ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದಳು.

ಸಭೆ ತುಂಬಿತ್ತು. ಶಶಿಪ್ರಭಾ ಮೈಕಿನಲ್ಲಿ ನಗುನಗುತ್ತ ಕರೆದಳು: "ಊರಿನ ಹಿರಿಯರಾದ ಕುಸುಮಕ್ಕ ದೀಪ ಹಚ್ಚಬೇಕು. ಎರಡು ಮಾತೂ ಆಡಬೇಕು."

ಊರಿನ ಹಿರಿಯರು! ಅಪ್ಪನ ಫೋಟೋದ ಮುಂದೆ ಮಗಳಿಗೆ ಸಿಕ್ಕಿದ ಪದವಿ ಅದು. ಕುಸುಮಕ್ಕ ದೀಪ ಹಚ್ಚಿದಳು, ಮೈಕು ಹಿಡಿದಳು. ಮೊದಲ ಸಾಲಿನಲ್ಲಿ ತರುಣ್ ಪಕ್ಕ ಪ್ರಾಪ್ತಿ ಕೂತಿದ್ದಳು. ಸಣ್ಣವಳಿದ್ದಾಗ ಪ್ರತಿ ಸಂಜೆ "ಅಜ್ಜಿ, ವಿಮಾನದ ಸಾಲು ಹೇಳಿ" ಎಂದು ಮಡಿಲಿಗೆ ಬೀಳುತ್ತಿದ್ದ ಹುಡುಗಿ. ಲಾಗ್‌ಬುಕ್ಕಿನ ಆ ಸಾಲು ಅವಳಿಗೂ ಬಾಯಿಪಾಠ.

"ಸಾವಿರದ ಒಂಬೈನೂರ ನಲ್ವತ್ತನಾಲ್ಕು, ಮಾರ್ಚ್ ಹನ್ನೊಂದು," ಎಂದಳು ಕುಸುಮಕ್ಕ. "ಹರಿಕೇನ್ ವಿಮಾನ. ಒಂದು ಗಂಟೆ ಹತ್ತು ನಿಮಿಷ. ನದಿಯ ಆಚೆಯ ಗಸ್ತು. ಕ್ಷೇಮವಾಗಿ ಇಳಿದೆ."

ಪ್ರಾಪ್ತಿಯ ತುಟಿಗಳು ಅಜ್ಜಿಯ ಜೊತೆಗೇ ಅಲುಗುತ್ತಿದ್ದವು!

"ಜೊತೆಗಿದ್ದವರು…"

ಕುಸುಮಕ್ಕ ನಿಲ್ಲಿಸಿದಳು. ಮೊಮ್ಮಗಳನ್ನೇ ನೋಡಿದಳು. ಹೇಳು ಮಗಾ… ಒಂದೇ ಒಂದು ಹೆಸರು. ನಾನು ಹೇಳಿದರೆ ಮುದುಕಿಯ ಹಟ. ನೀನು ಹೇಳಿದರೆ ನನ್ನ ಅಪ್ಪ ನನಗೆ ಸಿಗುತ್ತಾನೆ… ಪ್ರಾಪ್ತಿಯ ತುಟಿ ತೆರೆಯಿತು. ಶಶಿಪ್ರಭಾ ಕೆಮ್ಮಿದಳು. ತುಟಿ ಮುಚ್ಚಿತು. ಹುಡುಗಿ ಮುಖ ಕೆಳಗೆ ಹಾಕಿ ಬಳೆ ತಿರುಗಿಸತೊಡಗಿದಳು.

ಸೊಂಟದಲ್ಲಿದ್ದ ಹಾಳೆ ಕೆಂಡದಂತೆ ಸುಡುತ್ತಿತ್ತು. ಅದನ್ನು ಹೊರತೆಗೆಯಲು ಒಂದು ಕ್ಷಣ ಸಾಕಿತ್ತು.

"…ಯಾರೂ ಇಲ್ಲ," ಎಂದಳು ಕುಸುಮಕ್ಕ. "ಒಂಟಿ ಸೀಟಿನ ವಿಮಾನ ಅಲ್ವಾ."

ಜನ ಚಪ್ಪಾಳೆ ತಟ್ಟಿದರು. ಏನು ನೆನಪಿನ ಶಕ್ತಿ ಈ ಅಜ್ಜಿಯದು ಎಂದರು. ಶಶಿಪ್ರಭಾಳ ತಟ್ಟುವಿಕೆಯೇ ಎಲ್ಲರದಕ್ಕಿಂತ ಜೋರು!

ಗೇಟಿನ ಬಳಿ ಪ್ರಾಪ್ತಿ ಓಡಿ ಬಂದಳು. "ಅಜ್ಜಿ… ಅಜ್ಜಿ, ನನ್ನಿಂದ ಆಗಲಿಲ್ಲ…"

"ಕಾದೆ ಮಗಾ. ನೀನು ಹೇಳ್ತೀ ಅಂತ ಕಾದೆ." ಸೊಂಟದ ಹಾಳೆ ತೆಗೆದು ಹುಡುಗಿಯ ಅಂಗೈಯಲ್ಲಿಟ್ಟಳು. "ಸುಡುವುದಾದ್ರೆ ಇನ್ನು ನೀನೇ ಸುಡು. ಮದುವೆ ಚೆಂದ ಆಗಲಿ."

ಲೋಕನಾಥ ಕಾರಿನ ಬಾಗಿಲು ತೆರೆದು ನಿಂತಿದ್ದ. "ಕೂತ್ಕೊಳ್ಳಿ ಅಮ್ಮ, ಹೋಗುವ. ಬಿಸಿಲುಂಟು."

ಆಕೆ ಅವನನ್ನೂ ಕಾರನ್ನೂ ದಾಟಿ ಬಸ್ಸಿನ ರಸ್ತೆಗೆ ಇಳಿದಳು.

"ಬೇಡ ಲೋಕಾ. ಇನ್ನು ನಾನು ಒಬ್ಬಳೇ ಹೋಗುವವಳು. ದೂಮಪ್ಪನ ಮಗಳಲ್ವಾ…"